ಹಳೆಯ ಹ್ಯಾಮ್ (ಹವ್ಯಾಸಿ ರೇಡಿಯೋ) ಸೆಟ್ಟುಗಳನ್ನು ಸ್ವಚ್ಛಗೊಳಿಸುವುದು ಹೇಗೆ? ಅನುಭವ ಹಂಚಿಕೆ

ಪ್ರಶ್ನೆ, ಸಂಡೂರಿನಿಂದ: ಹ್ಯಾಮ್ ಆಗಿದ್ದ ನಮ್ಮ ದೊಡ್ಡಪ್ಪನವರ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ರಿಸೀವರು ಮತ್ತು ಟ್ರಾನ್ಸ್‌ಮಿಟರು 20 ವರ್ಷಗಳಿಂದ ಅಟ್ಟದ ಮೇಲಿದ್ದು, ಒಳಗೆಲ್ಲ ಅದಿರಿನ ಕೆಂಪು ಧೂಳು ಕೂತಿದೆ. ನನಗೂ ಈಗ ಲೈಸೆನ್ಸ್ ಬಂದಿದೆ. ಸೆಟ್ಟುಗಳು ಕೆಡದಂತೆ, ನನಗೂ ಅಪಾಯವಾಗದಂತೆ ಸ್ವಚ್ಛಗೊಳಿಸುವುದು ಹೇಗೆ?

ಉತ್ತರ, ಬಳ್ಳಾರಿಯಿಂದ: ದಯವಿಟ್ಟು ಮೊದಲೇ ಕರೆಂಟು ಕೊಟ್ಟು ನೋಡಬೇಡಿ. ಟ್ರಾನ್ಸ್‌ಮಿಟರಿನ ಫಿಲ್ಟರ್ ಕಂಡೆನ್ಸರುಗಳಲ್ಲಿ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳಲ್ಲಿ) 600 ವೋಲ್ಟಿಗೂ ಮೀರಿದ ಚಾರ್ಜು ಪ್ಲಗ್ ಕಿತ್ತ ಮೇಲೂ ಉಳಿದು ಜೀವ ತೆಗೆಯಬಲ್ಲದು. ಇಷ್ಟು ವರ್ಷ ಸುಮ್ಮನಿದ್ದ ಸೆಟ್ಟಿನಲ್ಲಿ ಅದು ಇಳಿದುಹೋಗಿರುತ್ತದೆ, ಆದರೆ ಮನೆಯಲ್ಲಿ ಯಾರಾದರೂ ಮೊನ್ನೆ ಹಚ್ಚಿ ನೋಡಿದ್ದರೆ ನಿಮಗೆ ಗೊತ್ತಾಗುವುದಿಲ್ಲ. ಆದ್ದರಿಂದ 10 ಕಿಲೋ ಓಮಿನ ದಪ್ಪ ವೈರ್‌ವೌಂಡ್ ರೆಸಿಸ್ಟರಿಗೆ ಒಳ್ಳೆಯ ಇನ್ಸುಲೇಷನ್ ಇರುವ ವೈರು ಬೆಸೆದು, ಒಂದು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು, ಪ್ರತಿ ಕಂಡೆನ್ಸರಿನ ಚಾರ್ಜನ್ನೂ ಅದರ ಮೂಲಕ ಕೆಲವು ಸೆಕೆಂಡು ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಒಳಗೆ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ರೂಢಿ ಬೇಡ.

ಧೂಳು ತೆಗೆಯುವಾಗ ಮಾಸ್ಕ್ ಇರಲಿ. ಚಿತ್ರ ಬರೆಯುವ ಮೆತ್ತನೆಯ ಬ್ರಷ್ಷಿನಿಂದ ಕೆದಕುತ್ತ, ಇನ್ನೊಂದು ಕೈಯಲ್ಲಿ ವ್ಯಾಕ್ಯೂಮಿನ ಮೂತಿ ಹಿಡಿಯಬೇಕು. ಒಮ್ಮೆ ನಾನು ಅವಸರಪಟ್ಟು ಕಂಪ್ರೆಸರಿನ ಗಾಳಿ ಹೊಡೆದು ಸ್ಟೇಷನ್ ಹೊಂದಿಸುವ ಗ್ಯಾಂಗ್ ಕಂಡೆನ್ಸರಿನ ತೆಳು ತಗಡಿನ ರೆಕ್ಕೆಗಳನ್ನು ಬಾಗಿಸಿಕೊಂಡೆ. ಬ್ಲೇಡಿನ ತುದಿಯಿಂದ ಒಂದೊಂದನ್ನೇ ಬಿಡಿಸಲು ಎರಡು ಭಾನುವಾರ ಹಿಡಿದವು. ಅದಾದರೂ ಸರಿಹೋಯಿತು. ಡಯಲ್ ಗಾಜಿನ ಹಿಂಬದಿಯನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದಾಗ 20 ಮೀಟರ್ ಬ್ಯಾಂಡಿನ ‘14’ (ಮೆಗಾಹರ್ಟ್ಸ್) ಎಂಬ ಅಂಕಿ ಹಾಗೆಯೇ ಹತ್ತಿಗೆ ಅಂಟಿಕೊಂಡು ಬಂದದ್ದು ಇವತ್ತಿಗೂ ನೋಯುತ್ತದೆ. ಅಕ್ಷರವಿರುವ ಬದಿಯನ್ನು ಒಣ ಬ್ರಷ್ಷಿನಿಂದ ಮಾತ್ರ ಮುಟ್ಟಿ. ವಾಲ್ವಿನ ನಂಬರೂ ಬೆರಳಿಗೇ ಅಳಿಸುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ.

ಬ್ಯಾಂಡ್ ಸ್ವಿಚ್ಚಿಗೆ ತುಕ್ಕು ಬಿಡಿಸುವ ಸ್ಪ್ರೇ ಬೇಡ. ಕಾಂಟ್ಯಾಕ್ಟ್ ಕ್ಲೀನರಿನ ಒಂದೊಂದು ಹನಿ ಸಾಕು. ಚಾಸಿಯ (ಸೆಟ್ಟಿನ ಲೋಹದ ಚೌಕಟ್ಟಿನ) ಮೇಲೆ ಬಿಳಿ ಅಥವಾ ಹಳದಿ ಪುಡಿ ಕಂಡರೆ ಅದು ಕ್ಯಾಡ್ಮಿಯಂ ಲೇಪನದ್ದಾಗಿರಬಹುದು, ವಿಷ; ಉಜ್ಜದೆ, ಗ್ಲೌಸ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ತೆಗೆದು, ಆ ಬಟ್ಟೆಯನ್ನು ಮತ್ತೆ ಬಳಸದಿರಿ.

ಇನ್ನೊಂದು ಉತ್ತರ, ಕೊಪ್ಪಳದಿಂದ: ಮೇಲಿನ ಮಾತಿಗೆ ಒಂದನ್ನು ಸೇರಿಸುತ್ತೇನೆ. ಗಿಣಗೇರಾ ಕಡೆಯ ಸ್ಪಾಂಜ್ ಐರನ್ ಧೂಳು ಕಬ್ಬಿಣವೇ ಆದ್ದರಿಂದ ಸ್ಪೀಕರಿನ ಅಯಸ್ಕಾಂತಕ್ಕೆ ಮೀಸೆಯಂತೆ ಕಚ್ಚಿಕೊಳ್ಳುತ್ತದೆ, ಬ್ರಷ್ಷಿಗೆ ಬಗ್ಗುವುದಿಲ್ಲ. ಸೆಲ್ಲೋ ಟೇಪನ್ನು ಮಡಚಿ, ಅಂಟು ಬದಿಯನ್ನು ಮೆಲ್ಲಗೆ ಒತ್ತಿ ಎತ್ತಿದರೆ ಧೂಳು ಟೇಪಿನೊಂದಿಗೆ ಬರುತ್ತದೆ. ಸ್ಪೀಕರಿನ ಕಾಗದದ ಕೋನ್ ಹರಿಯದಂತೆ ನೋಡಿಕೊಳ್ಳಿ.