ಕೆವಿಎಂ ಓವರ್ ಐಪಿ: ಡಾಂಗಲ್ ಹಾಕಿದರೂ ‘ನೋ ಸಿಗ್ನಲ್’, ದೂರದ ಸರ್ವರ್‌ನಲ್ಲಿ ಬಣ್ಣದ ನೆರಳು

ಪ್ರಶ್ನೆ:
16 ಪೋರ್ಟಿನ ಕೆವಿಎಂ ಓವರ್ ಐಪಿ ಸ್ವಿಚ್ (ಹಲವು ಸರ್ವರ್‌ಗಳ ಪರದೆ, ಕೀಬೋರ್ಡ್, ಮೌಸನ್ನು ನೆಟ್‌ವರ್ಕ್ ಮೂಲಕ ದೂರದಿಂದ ಬಳಸಲು ಬಿಡುವ ಪೆಟ್ಟಿಗೆ). ಪ್ರತಿ ಸರ್ವರ್‌ಗೂ ಒಂದು ವಿಜಿಎ-ಯುಎಸ್‌ಬಿ ಡಾಂಗಲ್ (ಸರ್ವರ್‌ನ ವಿಡಿಯೊ ಮತ್ತು ಯುಎಸ್‌ಬಿ ಪೋರ್ಟ್‌ಗಳಿಗೆ ಸಿಕ್ಕಿಸುವ ಚಿಕ್ಕ ಅಡಾಪ್ಟರ್), ಅಲ್ಲಿಂದ ಸ್ವಿಚ್‌ಗೆ ಕ್ಯಾಟ್6 ಕೇಬಲ್. ಎರಡು ಸರ್ವರ್‌ಗಳಲ್ಲಿ ‘ನೋ ಸಿಗ್ನಲ್’. ಒಂದು ವಿಂಡೋಸ್ ಸರ್ವರ್‌ನಲ್ಲಿ ಮೌಸ್ ಬಾಣ ಎರಡಾಗಿ ಕಾಣುತ್ತೆ, ಒಂದರ ಹಿಂದೆ ಇನ್ನೊಂದು ಓಡುತ್ತೆ. ಮೇಲಿನ ಮಹಡಿಯ ಸರ್ವರ್ ಸುಮಾರು 40 ಮೀಟರ್ ದೂರ, ಅದರಲ್ಲಿ ಅಕ್ಷರಗಳ ಪಕ್ಕ ಕೆಂಪು ನೆರಳು. ಆ ಕೇಬಲನ್ನು ಮಹಡಿಯ ನೆಟ್‌ವರ್ಕ್ ಸ್ವಿಚ್ ಮೂಲಕ ತಂದರೆ ಸರಿಹೋಗುತ್ತಾ?

ಉತ್ತರ 1:
ದಯವಿಟ್ಟು ತರಬೇಡಿ. ಡಾಂಗಲ್ ಕಡೆಯ ಆರ್‌ಜೆ45 ಸಾಕೆಟ್ ನೋಡಲು ಮಾತ್ರ ಈಥರ್ನೆಟ್. ಒಳಗೆ ಹರಿಯೋದು ಅನಲಾಗ್ ವಿಡಿಯೊ ಮತ್ತು ಕೀಬೋರ್ಡ್-ಮೌಸ್ ಸಿಗ್ನಲ್. ನೆಟ್‌ವರ್ಕ್ ಸ್ವಿಚ್‌ಗೆ ಅದು ಅರ್ಥವೇ ಆಗೋದಿಲ್ಲ. ಪಾಸಿವ್ ಪಿಒಇ ಇಂಜೆಕ್ಟರ್‌ಗೆ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಕಳಿಸುವ ಸಾಧನ) ಸಿಕ್ಕಿಸಿದರಂತೂ ಡಾಂಗಲ್ ಸುಟ್ಟೇ ಹೋಗಬಹುದು. ಲ್ಯಾನ್‌ಗೆ ಹೋಗಬೇಕಾದ್ದು ಕೆವಿಎಂನ ಈಥರ್ನೆಟ್ ಪೋರ್ಟ್ ಮಾತ್ರ.

ಕೆಂಪು ನೆರಳಿಗೆ ಕಾರಣ ಕೇಬಲ್ಲೇ. ಕೆಂಪು, ಹಸಿರು, ನೀಲಿ ಬೇರೆ ಬೇರೆ ಜೋಡಿ ತಂತಿಗಳಲ್ಲಿ ಬರುತ್ತವೆ. ಒಂದೊಂದು ಜೋಡಿಯ ತಿರುಚು ಒಂದೊಂದು ಥರ, ಹಾಗಾಗಿ ತಂತಿಯ ಉದ್ದವೂ ಬೇರೆ, ಒಂದು ಬಣ್ಣ ತಡವಾಗಿ ತಲುಪುತ್ತದೆ. ಈ ವ್ಯತ್ಯಾಸ ಕ್ಯಾಟ್6ನಲ್ಲಿ ಸಾಮಾನ್ಯವಾಗಿ ಹೆಚ್ಚು, ಈ ಕೆಲಸಕ್ಕೆ ಕ್ಯಾಟ್5ಇ ವಾಸಿ. ಡಾಂಗಲ್ ಕೈಪಿಡಿಯಲ್ಲಿ ಗರಿಷ್ಠ ದೂರ ನೋಡಿ. ಕೆಲವಕ್ಕೆ 30 ಮೀಟರ್, ಕೆಲವಕ್ಕೆ 50. ಸ್ಕ್ಯೂ (ಬಣ್ಣಗಳ ನಡುವಿನ ಈ ತಡ) ಹೊಂದಾಣಿಕೆ ಮೆನು ಇದ್ದರೆ ಕೆಂಪನ್ನು ಸರಿಸಿ. ರೆಸಲ್ಯೂಶನ್ 1024×768ಕ್ಕೆ ಇಳಿಸಿದರೂ ನೆರಳು ಬಹಳ ಕಡಿಮೆಯಾಗುತ್ತೆ.

ಉತ್ತರ 2:
‘ನೋ ಸಿಗ್ನಲ್’ ಬಗ್ಗೆ: ಮೊದಲು ಡಾಂಗಲ್‌ನ ದೀಪ ನೋಡಿ. ಅದಕ್ಕೆ ಕರೆಂಟ್ ಸರ್ವರ್‌ನ ಯುಎಸ್‌ಬಿಯಿಂದಲೇ ಬರಬೇಕು. ದೀಪ ಇಲ್ಲದಿದ್ದರೆ ಹಿಂಬದಿಯ ಯುಎಸ್‌ಬಿ 2.0 ಪೋರ್ಟಿಗೆ ನೇರವಾಗಿ ಹಾಕಿ, ನಡುವೆ ಹಬ್ ಬೇಡ. ದೀಪ ಇದ್ದೂ ಚಿತ್ರ ಇಲ್ಲವೇ? ಸರ್ವರ್ ಆನ್ ಆಗುವಾಗ ಗ್ರಾಫಿಕ್ಸ್ ಚಿಪ್ ಮಾನಿಟರ್‌ನ ಇಡಿಐಡಿ (ಮಾನಿಟರ್ ತನ್ನ ಬಗ್ಗೆ ಕೊಡುವ ಮಾಹಿತಿ) ಓದುತ್ತೆ. ಆಗ ಏನೂ ಸಿಗದಿದ್ದರೆ ಕೆಲವು ಚಿಪ್‌ಗಳು ಔಟ್‌ಪುಟ್ಟನ್ನೇ ನಿಲ್ಲಿಸುತ್ತವೆ. ಡಾಂಗಲ್ ಮತ್ತು ಕೇಬಲ್ ಎರಡೂ ಸಿಕ್ಕಿಸಿ, ಆಮೇಲೆ ರೀಬೂಟ್ ಮಾಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮದರ್‌ಬೋರ್ಡಿನ ವಿಜಿಎ ಆಫ್ ಆಗಿರಬಹುದು, ಬಯಾಸ್‌ನಲ್ಲಿ (ಸರ್ವರ್ ಆನ್ ಆಗುವಾಗ ಬರುವ ಮೂಲ ಸೆಟ್ಟಿಂಗ್) ಪ್ರೈಮರಿ ಡಿಸ್‌ಪ್ಲೇ ಬದಲಿಸಿ.

ಉತ್ತರ 3:
ಮೌಸ್‌ಗೆ: ಕೆವಿಎಂ ಸೆಟ್ಟಿಂಗ್‌ನಲ್ಲಿ ಅಬ್ಸೊಲ್ಯೂಟ್ ಮೋಡ್ (ಬಾಣ ಇರಬೇಕಾದ ಜಾಗವನ್ನೇ ನೇರವಾಗಿ ಕಳಿಸುವ ವಿಧಾನ) ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ‘ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಟಿಕ್ ತೆಗೆದು, ಕೆವಿಎಂ ವಿಂಡೋದಿಂದ ಮೌಸ್ ಸಿಂಕ್ ಮಾಡಿ.

ಕೇಳಿಲ್ಲದಿದ್ದರೂ ಹೇಳುತ್ತೇನೆ: ಕೆವಿಎಂಗೆ ಪಬ್ಲಿಕ್ ಐಪಿ ಕೊಡಬೇಡಿ. ಅದು ಕೈಗೆ ಸಿಕ್ಕವರಿಗೆ ಬಯಾಸ್‌ವರೆಗೂ ದಾರಿ ತೆರೆದಂತೆ. ಬೇರೆ ವಿಲ್ಯಾನ್ (ಪ್ರತ್ಯೇಕಿಸಿದ ಒಳ ನೆಟ್‌ವರ್ಕ್), ಹೊರಗಿನಿಂದ ವಿಪಿಎನ್ (ಸುರಕ್ಷಿತ ಸಂಪರ್ಕ) ಮೂಲಕ ಮಾತ್ರ, ಡೀಫಾಲ್ಟ್ ಪಾಸ್‌ವರ್ಡ್ ಇವತ್ತೇ ಬದಲಿಸಿ.

ಪ್ರಶ್ನೆ ಕೇಳಿದವರು:
ನೆಟ್‌ವರ್ಕ್ ಸ್ವಿಚ್ ಬಿಟ್ಟೆ. ಪ್ಯಾಚ್ ಪ್ಯಾನೆಲ್ (ಕಟ್ಟಡದ ಕೇಬಲ್‌ಗಳು ಬಂದು ಸೇರುವ ಸಾಕೆಟ್ ಫಲಕ) ಮೂಲಕ ತರಬಹುದಾ?

ಉತ್ತರ 1:
ತರಬಹುದು, ಅದರಲ್ಲಿ ಇರೋದು ಬರೀ ತಂತಿ ತಾನೆ. ಎಂಟೂ ತಂತಿ ನೇರವಾಗಿರಲಿ, ಕ್ರಾಸ್ ಬೇಡ. ಪ್ಯಾಚ್ ಕಾರ್ಡ್‌ಗಳ ಉದ್ದವನ್ನೂ ಒಟ್ಟು ದೂರಕ್ಕೆ ಸೇರಿಸಿ. ಆ ಪೋರ್ಟ್‌ಗಳ ಮೇಲೆ ‘ಕೆವಿಎಂ’ ಅಂತ ಬೇರೆ ಬಣ್ಣದ ಲೇಬಲ್ ಅಂಟಿಸಿ, ಇಲ್ಲದಿದ್ದರೆ ಯಾರಾದರೂ ಅದನ್ನು ಲ್ಯಾನ್ ಅಂದುಕೊಂಡು ನೆಟ್‌ವರ್ಕ್ ಸ್ವಿಚ್‌ಗೆ ಸಿಕ್ಕಿಸಿಬಿಡುತ್ತಾರೆ.