ಬೆಂಗಳೂರು ಟ್ರಾಫಿಕ್ ಜೊತೆಗೆ ಚಾರ್ಮಾಡಿ ಘಾಟಿ: ಮ್ಯಾನ್ಯುಯಲ್ಲಾ, ಎಎಂಟಿಯಾ?

ಪ್ರಶ್ನೆ
ವಾರವಿಡೀ ಬೆಂಗಳೂರು ಟ್ರಾಫಿಕ್, ತಿಂಗಳಿಗೊಮ್ಮೆ ಚಾರ್ಮಾಡಿ ಇಳಿದು ಉಜಿರೆ. 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ನೋಡ್ತಿದ್ದೀನಿ. ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸೋದು) ಏರಿನಲ್ಲಿ ಹಿಂದಕ್ಕೆ ಜಾರುತ್ತೆ, ಕ್ಲಚ್ ಬೇಗ ಹೋಗುತ್ತೆ ಅಂತಾರೆ. ನಿಜವಾ?

ಉತ್ತರ 1
ಜಾರೋದು ನಿಜ ಸರ್. ಎಎಂಟಿ ಒಳಗಿರೋದು ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಅದೇ ಒಣ ಕ್ಲಚ್ ಪ್ಲೇಟ್. ಕ್ಲಚ್ ಒತ್ತೋದು, ಗೇರ್ ಬದಲಿಸೋದು ನಿಮ್ಮ ಬದಲು ಆಕ್ಚುಯೇಟರ್ ಅನ್ನೋ ಯಂತ್ರದ ಕೆಲಸ, ಅಷ್ಟೇ ವ್ಯತ್ಯಾಸ. ಘಾಟಿಯಲ್ಲಿ ಕ್ಲಚ್ ಸುಡೋದು ಮುಖ್ಯವಾಗಿ ಒಂದು ಅಭ್ಯಾಸದಿಂದ: ಏರಿನಲ್ಲಿ ಲಾರಿ ಹಿಂದೆ ನಿಂತಾಗ ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಮೇಲೇ ಕಾರನ್ನ ಹಿಡಿದಿಡೋದು. ಆಗ ಪ್ಲೇಟ್ ಅರ್ಧ ಹಿಡಿದು ಉಜ್ಜುತ್ತಾ ಇರುತ್ತೆ. ಸುಟ್ಟ ವಾಸನೆ ಬಂದ್ರೆ ಪಕ್ಕಕ್ಕೆ ನಿಲ್ಲಿಸಿ, ತಣ್ಣಗಾಗಲು ಬಿಡಿ.

ಸರಿಯಾದ ಕ್ರಮ: ನಿಂತ ಕೂಡಲೇ ಹ್ಯಾಂಡ್‌ಬ್ರೇಕ್ ಎಳೀರಿ. ಹೊರಡುವಾಗ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ, ಕಾರು ಮುಂದಕ್ಕೆ ಜಗ್ಗಿದ ಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ. ಏರಿನಲ್ಲಿ ಬ್ರೇಕ್ ಬಿಟ್ಟ ಮೇಲೂ ಕಾರನ್ನ ಹಿಡಿದಿಡೋ ಹಿಲ್ ಹೋಲ್ಡ್ ಇದ್ರೂ ಅದು ಹಿಡಿಯೋದು ಸುಮಾರು 2 ಸೆಕೆಂಡ್ ಮಾತ್ರ. ಹೇರ್‌ಪಿನ್ ತಿರುವಿಗೆ ಮುಂಚೆಯೇ ಎಂ ಮೋಡ್‌ಗೆ (ಗೇರ್ ನೀವೇ ಆರಿಸೋದು) ಹಾಕಿ 2ನೇ ಗೇರಿಗೆ ಇಳಿಸಿ. ಡಿ ಮೋಡ್‌ನಲ್ಲೇ (ಗೇರ್ ತಾನೇ ಬದಲಾಗೋದು) ಬಿಟ್ರೆ ತಿರುವಿನ ಮಧ್ಯೆ ಗೇರ್ ಬದಲಾಗಿ ಎಳೆತ ಕ್ಷಣಕಾಲ ಕಡಿದುಹೋಗುತ್ತೆ. ಇಳಿಯುವಾಗಲೂ ಎಂ ಮೋಡ್, 2ನೇ ಗೇರ್. ಇಂಜಿನ್ನೇ ವೇಗ ತಡೆಯುತ್ತೆ, ಬ್ರೇಕ್ ಅಷ್ಟು ಬಿಸಿಯಾಗಲ್ಲ.

ಉತ್ತರ 2
ಘಾಟಿ ತಿಂಗಳಿಗೊಮ್ಮೆ ತಾನೇ? ಕ್ಲಚ್ ಸವೆಸೋದು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಥರದ ಟ್ರಾಫಿಕ್. ಮ್ಯಾನ್ಯುಯಲ್‌ನಲ್ಲೂ ಹಾಫ್ ಕ್ಲಚ್‌ನಲ್ಲಿ (ಪೆಡಲ್ ಅರ್ಧ ಒತ್ತಿಕೊಂಡೇ) ತೆವಳಿದ್ರೆ ಅದೇ ಗತಿ. ಮುಂದೆ ಒಂದು ಕಾರಿನಷ್ಟು ಜಾಗ ಆಗೋವರೆಗೆ ಕಾದು, 1ನೇ ಗೇರ್‌ನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಹೋಗಿ. ಉದ್ದ ಸಿಗ್ನಲ್‌ನಲ್ಲಿ ಎರಡರಲ್ಲೂ ನ್ಯೂಟ್ರಲ್. 4ನೇ ಗೇರ್‌ನಲ್ಲಿ ಜೋರಾಗಿ ಒತ್ತಿದಾಗ ಆರ್‌ಪಿಎಂ (ಇಂಜಿನ್ ತಿರುಗೋ ವೇಗ) ಏರಿ ಕಾರಿನ ವೇಗ ಏರದಿದ್ರೆ ಪ್ಲೇಟ್ ಮುಗೀತಾ ಬಂತು ಅಂತಲೇ. ಬದಲಿಸುವಾಗ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಹಾಕಿಸಿ. ಒಂದಕ್ಕಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸಿದ್ರೆ ಲೇಬರ್ ಎರಡು ಸಲ ಕೊಡಬೇಕು.

ಉತ್ತರ 3
ಮೇಲಿನದಕ್ಕೆ ಒಂದು ಸೇರ್ಪಡೆ. ಎಎಂಟಿಯಲ್ಲಿ ಹೊಸ ಕ್ಲಚ್ ಹಾಕಿದ ಮೇಲೆ, ಅದು ಎಲ್ಲಿ ಹಿಡಿಯುತ್ತೆ ಅನ್ನೋದನ್ನ ಗ್ಯಾರೇಜಿನ ಸ್ಕ್ಯಾನರ್ ಜೋಡಿಸಿ ಕಾರಿನ ಕಂಪ್ಯೂಟರಿಗೆ ಕಲಿಸಬೇಕು. ಇದನ್ನ ಬಿಟ್ರೆ ಹೊರಡುವಾಗ ಕಾರು ಜರ್ಕ್ ಹೊಡೆಯುತ್ತೆ. ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಕೊಡಬೇಡಿ.

ಬಜೆಟ್ ಏರಿಸೋಕೆ ಆದ್ರೆ ಟಾರ್ಕ್ ಕನ್ವರ್ಟರ್ ಅನ್ನೋ ಇನ್ನೊಂದು ಬಗೆಯ ಆಟೋಮ್ಯಾಟಿಕ್ ನೋಡಿ. ನಿಂತಲ್ಲಿಂದ ಹೊರಡುವಾಗ ಅದರಲ್ಲಿ ಶಕ್ತಿ ದಾಟೋದು ಎಣ್ಣೆಯ ಮೂಲಕ, ಉಜ್ಜಿ ಸವೆಯೋ ಒಣ ಪ್ಲೇಟ್ ಇಲ್ಲ. ಆಗದಿದ್ರೆ ನಿಮ್ಮ ಓಡಾಟಕ್ಕೆ ನನ್ನ ಓಟು ಎಎಂಟಿಗೇ. ಟೆಸ್ಟ್ ಡ್ರೈವ್‌ನಲ್ಲಿ ಫ್ಲೈಓವರ್ ಏರಿನಲ್ಲಿ ನಿಲ್ಲಿಸಿ ಹೊರಟು ನೋಡಿ. ಷೋರೂಮ್ ಮುಂದಿನ ಸಮತಟ್ಟು ರಸ್ತೆಯಲ್ಲಿ ಏನೂ ಗೊತ್ತಾಗಲ್ಲ.