ಮಗನಿಗೆ ಮಾತು ತಡ, ಮನೇಲಿ ಕನ್ನಡ ಬಿಡಬೇಕಾ?

ಪ್ರಶ್ನೆ: ಮೇಡಂ, ಮಗನಿಗೆ 2 ವರ್ಷ 1 ತಿಂಗಳು. ನಾವು ಕನ್ನಡ, ನಮ್ಮತ್ತೆ ತುಳು, ಡೇ ಕೇರ್‌ನಲ್ಲಿ ಹಿಂದಿ. ಮಮ್ಮು, ಟಾಟಾ, ಜೋಜೋ ಅಂತ ಹದಿನೈದು ಕನ್ನಡ ಪದ ಹೇಳಿದರೆ ಜಾಸ್ತಿ. ಎರಡು ಪದ ಸೇರಿಸಲ್ಲ. ಭಾಷೆ ಜಾಸ್ತಿಯಾಗಿ ಗೊಂದಲ, ಮನೇಲಿ ಇಂಗ್ಲಿಷ್ ಒಂದೇ ಮಾತಾಡಿ ಅಂತ ಡೇ ಕೇರ್‌ನವರು ಹೇಳಿದರು. ಅತ್ತೆ ಬಜೆ ತೇಯ್ದು ನಾಲಿಗೆಗೆ ಹಚ್ಚೋಣ ಅನ್ನುತ್ತಾರೆ.

ಉತ್ತರ (ವಾಕ್ ಶ್ರವಣ ತಜ್ಞೆ): ಕನ್ನಡ ಬಿಡಬೇಡಿ, ತುಳುವನ್ನೂ ಬಿಡಬೇಡಿ. ಎರಡು ಮೂರು ಭಾಷೆ ಕಿವಿಗೆ ಬಿದ್ದಿದ್ದಕ್ಕೆ ಮಾತು ತಡವಾಗಲ್ಲ. ಈಗ ನಾಲ್ಕನೇದು ತಂದು ಹಾಕಿದರೆ ಅವನಿಗೇನು ಲಾಭ, ಅಲ್ವಾ? ನೀವು ಕನ್ನಡ ಪದ ಮಾತ್ರ ಎಣಿಸಿದ್ದೀರಿ. ಅಜ್ಜಿ ಹತ್ತಿರ ಬೆಕ್ಕಿಗೆ ಪುಚ್ಚೆ, ಡೇ ಕೇರ್‌ನಲ್ಲಿ ನೀರಿಗೆ ಪಾನಿ ಅಂದರೆ ಅವೂ ಲೆಕ್ಕಕ್ಕೆ, ಬಿಸ್ಕೆಟ್‌ಗೆ 'ಬಿಕ್ಕಿ' ಅಂದರೂ ಲೆಕ್ಕಕ್ಕೆ. 2 ವರ್ಷಕ್ಕೆ ಎಲ್ಲ ಸೇರಿ ಸುಮಾರು 50 ಪದ ಇರಬೇಕು, 'ಅಮ್ಮ ಬಾ' ಥರ ಎರಡೆರಡು ಸೇರುತ್ತಿರಬೇಕು. ಸೇರುತ್ತಿಲ್ಲ ಅಂದಿರಲ್ಲ, ಹಾಗಾಗಿ ಗಂಡು ಮಕ್ಕಳು ಮಾತು ತಡ ಅಂತ ಸುಮ್ನೆ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ. ಮಿಕ್ಸಿ ಸದ್ದಿಗೆ ತಿರುಗಿದ ಮಾತ್ರಕ್ಕೆ ಕಿವಿ ಪೂರ್ತಿ ಸರಿ ಅಂತಲ್ಲ, ಶೀತ ಆಗಿ ಒಳಗೆ ನೀರು ನಿಂತರೂ ಮೆಲ್ಲಗೆ ಆಡಿದ ಮಾತು ಮಸುಕಾಗಿ ಕೇಳುತ್ತದೆ. ಮೈಸೂರು ಹತ್ತಿರವಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಬಜೆ ಬೇಡ, ಅದರಿಂದ ಮಾತು ಬರಲ್ಲ.

ಪ್ರಶ್ನೆ: 'ಚಪ್ಪಲಿ ತಗೊಂಡು ಬಾ' ಅಂದರೆ ತರುತ್ತಾನೆ, ಬೇಕಾದ್ದಕ್ಕೆ ಬೆರಳು ತೋರಿಸುತ್ತಾನೆ. ಊಟಕ್ಕೆ ಮಾತ್ರ ಮೊಬೈಲ್ ಬೇಕೇ ಬೇಕು.

ಉತ್ತರ: ಬೆರಳು ತೋರಿಸುವುದು ಒಳ್ಳೇದು. ಪರೀಕ್ಷೆ ಮಾತ್ರ ತಪ್ಪಿಸಬೇಡಿ, ಬಂದ ಪದಗಳು ಹೋಗತೊಡಗಿದರಂತೂ ಅದೇ ವಾರ ತೋರಿಸಿ. ಊಟದ ಮೊಬೈಲ್ ತೆಗೆಯಿರಿ, ಅದು ತನ್ನಷ್ಟಕ್ಕೆ ಮಾತಾಡುತ್ತೆ, ಇವನ ಉತ್ತರಕ್ಕೆ ಕಾಯಲ್ಲ. ಬಾಳೆಹಣ್ಣು ತೋರಿಸಿದಾಗ 'ಹಣ್ಣು ಬೇಕಾ?' ಅಂತ ಕೇಳಿ, ಮನಸ್ಸಲ್ಲೇ ಐದು ಎಣಿಸಿ. 'ಅಣ್' ಅಂದರೆ ಕೊಟ್ಟುಬಿಡಿ, ಏನೂ ಅನ್ನದಿದ್ದರೂ ಕೊಡಿ. ಸರಿಯಾಗಿ ಹೇಳಿದರೇ ಕೊಡೋದು ಅಂತ ಹಠ ಬೇಡ.

ಇನ್ನೊಬ್ಬರು: ನನ್ನ ಮಗಳಿಗೆ ಮೂರೂವರೆ. 'ಅಪ್ಪ ಚಾಕಲೇಟ್ ಕೊಡಿದ್ರು' ಅನ್ನುತ್ತಾಳೆ. ತಿದ್ದಬೇಕಾ?

ಉತ್ತರ: ನಿಮ್ಮ ಮನೇಲಿ ಯಾರಾದರೂ 'ಕೊಡಿದ್ರು' ಅಂತಾರಾ? ಇಲ್ಲ ತಾನೆ. ಅಂದರೆ ಅದು ಕೇಳಿ ಕಲಿತದ್ದಲ್ಲ. ಮಾಡು ಮಾಡಿದ್ರು, ಓದು ಓದಿದ್ರು, ಹಾಗಾದರೆ ಕೊಡು ಕೊಡಿದ್ರು ಅಂತ ಅವಳೇ ಲೆಕ್ಕ ಹಾಕಿದ್ದಾಳೆ. 'ಹೌದಾ, ಅಪ್ಪ ಕೊಟ್ರಾ? ನಂಗೂ ಕೊಡ್ತೀಯಾ?' ಅನ್ನಿ, ಸಾಕು.